ಎಷ್ಟು ಎಚ್‌ಪಿ ಅಂತ ಕೇಳುವ ಮೊದಲು: ವೇಗದ ಬೋಟಿಗೆ ಎಂಜಿನ್, ಡ್ರೈವ್ ಕೂರಿಸುವ ಬಗ್ಗೆ

ಬೋಟ್ ಕಂಡ ಕೂಡಲೇ ನಾವೆಲ್ಲ ಕೇಳುವುದು ಒಂದೇ: ಎಂಜಿನ್ ಎಷ್ಟು ಎಚ್‌ಪಿ? ಮಂಜೇಶ್ವರದ ಬಂದರಿನಲ್ಲೂ ಇದೇ ಪ್ರಶ್ನೆ, ದುಬೈಯ ಯಾರ್ಡಿನಲ್ಲೂ ಇದೇ ಪ್ರಶ್ನೆ. ಗಲ್ಫಿನಲ್ಲಿ ವೇಗದ ಬೋಟುಗಳಿಗೆ ಎಂಜಿನ್, ಡ್ರೈವ್ ಕೂರಿಸುವ ಕೆಲಸದಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದವು. ಡ್ರೈವ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ತಲುಪಿಸುವ ಭಾಗ. ಅಲ್ಲಿಗೆ ಬಂದ ಗಿರಾಕಿಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಿದವರು ತೀರಾ ಕಡಿಮೆ. ಪ್ರೊಪೆಲ್ಲರ್ ಶಾಫ್ಟ್ ಬೋಟಿನ ತಳಕ್ಕಿಂತ ಎಷ್ಟು ಇಂಚು ಕೆಳಗಿದೆ? ಬೋಟಿನ ವೇಗ, ಹಿಡಿತ, ಎಂಜಿನ್ನಿನ ಆಯಸ್ಸು ಎಲ್ಲ ನಿಂತಿರುವುದು ಇಂಥ ಇಂಚುಗಳ ಮೇಲೆ. ನಾನು ಮಾತಾಡಬೇಕು ಅಂದುಕೊಂಡದ್ದು ಅದರ ಬಗ್ಗೆಯೇ.

ಇಲ್ಲಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗಡೆ ಕಟ್ಟುವ ಎಂಜಿನ್, ಕಟ್ಟಿಕೊಂಡು ಸಮುದ್ರಕ್ಕೆ ಹೋಗುವವರಿದ್ದೀರಿ. ಐಟಿಐ, ಪಾಲಿಟೆಕ್ನಿಕ್ ಓದುವ ಮಕ್ಕಳೂ ಇದ್ದೀರಿ. ನಾನು ಹೇಳುವ ಬೋಟುಗಳು 30, 40 ಅಡಿಯವು, ಹೊಟ್ಟೆಯೊಳಗೆ ಎರಡೆರಡು ವಿ8 ಎಂಜಿನ್ ಇರುವಂಥವು. ಅದಕ್ಕೂ ನಮಗೂ ಏನು ಸಂಬಂಧ ಅನ್ನಿಸಬಹುದು. ಆದರೆ ಎತ್ತರದ ಲೆಕ್ಕ, ಪ್ರೊಪೆಲ್ಲರ್ ಲೆಕ್ಕ ಎರಡೂ ನಿಮ್ಮ ಔಟ್‌ಬೋರ್ಡಿಗೂ ಹಾಗೆಯೇ ಹೊಂದುತ್ತವೆ. ಕೊನೆಯಲ್ಲಿ ಅಲ್ಲಿಗೇ ಬರುತ್ತೇನೆ.

ಮೊದಲು ಎಚ್‌ಪಿ ವಿಷಯ ಮುಗಿಸಿಬಿಡೋಣ. ವೇಗ ಹೆಚ್ಚಿದಾಗ ನೀರಿನಿಂದ ಮೇಲೆದ್ದು ಜಾರುವ ಬೋಟಿನಲ್ಲಿ ವೇಗವು ಶಕ್ತಿಯ ವರ್ಗಮೂಲದಂತೆ ಏರುತ್ತದೆ. 300 ಎಚ್‌ಪಿಯಲ್ಲಿ ಗಂಟೆಗೆ 80 ಕಿ.ಮೀ. ಹೋಗುವ ಬೋಟಿಗೆ 600 ಎಚ್‌ಪಿ ಕೊಟ್ಟರೆ 160 ಆಗುವುದಿಲ್ಲ. ಲೆಕ್ಕದ ಪ್ರಕಾರ 113ರ ಹತ್ತಿರ ಬರುತ್ತದೆ. ಅದೂ ತೂಕ ಒಂದು ಕಿಲೋ ಜಾಸ್ತಿಯಾಗದಿದ್ದರೆ. ಎಂಜಿನ್ ಇಮ್ಮಡಿ ಮಾಡಿದರೆ ತೂಕ ಏರದೇ ಇರುತ್ತದಾ? ಪೆಟ್ರೋಲ್ ಖರ್ಚಂತೂ ಹೇಳುವುದೇ ಬೇಡ. ಹಾಗಾಗಿ ಇರುವ ಎಂಜಿನ್ನಿನ ಶಕ್ತಿ ನೀರಿಗೆ ಸರಿಯಾಗಿ ತಲುಪುತ್ತಿದೆಯಾ ಅಂತ ನೋಡುವುದೇ ಮೊದಲ ಕೆಲಸ.

ಈ ಬೋಟುಗಳ ರೂಪ ಎಲ್ಲಿಂದ ಬಂತು ಅಂತ ಎರಡು ಮಾತು. ಅಮೆರಿಕದ ರೇ ಹಂಟ್ ಎಂಬ ವಿನ್ಯಾಸಕಾರ ತಳವನ್ನು ಮುಂದಿನಿಂದ ಹಿಂದಿನವರೆಗೂ ಆಳವಾದ ವಿ ಆಕಾರದಲ್ಲಿ ಇಟ್ಟರು. ಅದಕ್ಕಿಂತ ಮುಂಚೆ ವೇಗದ ಬೋಟುಗಳ ತಳ ಹಿಂದಕ್ಕೆ ಬರುತ್ತಾ ಚಪ್ಪಟೆಯಾಗುತ್ತಿತ್ತು, ಅಲೆಗೆ ಬಿದ್ದಾಗ ಸೊಂಟ ಮುರಿಯುವ ಹಾಗೆ ಬಡಿಯುತ್ತಿತ್ತು. ಹಂಟ್ ವಿನ್ಯಾಸದ 'ಮಾಪಿ' ಎಂಬ ಬೋಟ್ 1960ರ ಮಯಾಮಿ–ನಸಾವ್ ರೇಸನ್ನು ಒರಟು ಸಮುದ್ರದಲ್ಲಿ ಗೆದ್ದಿತು. ಅಲ್ಲಿಂದ ಮುಂದೆ ತೆರೆದ ಸಮುದ್ರದ ವೇಗದ ಬೋಟ್ ಅಂದರೆ ಡೀಪ್ ವಿ ಅಂತಲೇ ಆಯಿತು. ಹಿಂಭಾಗದಲ್ಲಿ ಸುಮಾರು 24 ಡಿಗ್ರಿ ಇಳಿಜಾರು ಈಗಲೂ ಸಾಮಾನ್ಯ. ಅದರ ಹಿಂದಿನ ವರ್ಷ, 1959ರಲ್ಲಿ, ವೋಲ್ವೋ ಪೆಂಟಾ ಕಂಪನಿ ಜಿಮ್ ವಿನ್ ಅವರ ಕಲ್ಪನೆಯ ಅಕ್ವಾಮ್ಯಾಟಿಕ್ ಡ್ರೈವನ್ನು ಮಾರುಕಟ್ಟೆಗೆ ತಂದಿತ್ತು. ಎಂಜಿನ್ ಬೋಟಿನ ಒಳಗೆ, ಗೇರ್ ಮತ್ತು ಪ್ರೊಪೆಲ್ಲರ್ ಹೊರಗೆ, ನಡುವೆ ಟ್ರಾನ್ಸಮ್. ಟ್ರಾನ್ಸಮ್ ಅಂದರೆ ಬೋಟಿನ ಹಿಂದಿನ ಗೋಡೆ. ನಾವು ಸ್ಟರ್ನ್‌ಡ್ರೈವ್ ಅನ್ನುವುದು ಇದಕ್ಕೇ. ಈ ಎರಡು ಸೇರಿದ್ದರಿಂದಲೇ ಇವತ್ತಿನ ವೇಗದ ಬೋಟ್ ಹುಟ್ಟಿತು.

ಈಗ ಕೆಲಸಕ್ಕೆ ಬರೋಣ. ಎಂಜಿನ್ ಮುಟ್ಟುವ ಮೊದಲು ಬೋಟನ್ನು ಎತ್ತಿ ತಳದ ಕೆಳಗೆ ಮಲಗಬೇಕು. ಕೈಯಲ್ಲಿ ಒಂದು ನೇರ ಪಟ್ಟಿ, ಆರೇಳು ಅಡಿ ಉದ್ದದ್ದು. ಅದನ್ನು ತಳದ ಹಿಂದಿನ ಭಾಗಕ್ಕೆ ಉದ್ದುದ್ದ ಹಿಡಿದು ನೋಡಿ, ಆಚೆಯಿಂದ ಟಾರ್ಚ್ ಬಿಡಿ. ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಹಿಂತುದಿ ಕೊಕ್ಕೆಯ ಹಾಗೆ ಕೆಳಗಿಳಿದಿದೆ ಅಂತ ಅರ್ಥ. ಅಂಥ ಬೋಟ್ ಓಡುವಾಗ ಹಿಂಭಾಗ ಮೇಲೇಳುತ್ತದೆ, ಮೂತಿ ನೀರಿಗೆ ಒತ್ತುತ್ತದೆ. ಎಂಜಿನ್ ಎಷ್ಟು ಕೂಗಿದರೂ ವೇಗ ಬರುವುದಿಲ್ಲ. ಪಟ್ಟಿಯ ಎರಡು ತುದಿಯಲ್ಲಿ ಬೆಳಕು ಕಂಡರೆ ತಳ ಹೊರಕ್ಕೆ ಉಬ್ಬಿದೆ. ಅಂಥದ್ದು ಮೂತಿ ಎತ್ತಿ ಇಳಿಸಿ ಕುಪ್ಪಳಿಸುತ್ತದೆ. ಬಡಗಿಗಳ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ವೇಗದ ಬೋಟಿನಲ್ಲಿ ಗೊತ್ತಾಗುತ್ತದೆ. ಟ್ರೇಲರಿನ ಮೇಲೆ ತಪ್ಪಾಗಿ ಕೂತು ವರ್ಷಗಟ್ಟಲೆ ನಿಂತ ಬೋಟಿನ ಫೈಬರ್ ತಳ ಹೀಗೆ ಬಾಗುವುದುಂಟು. ಮೊದಲು ಅದನ್ನು ತುಂಬಿ, ಉಜ್ಜಿ ನೇರ ಮಾಡಬೇಕು. ಅದು ಬೇಸರದ ಕೆಲಸ, ಧೂಳಿನ ಕೆಲಸ, ಗಿರಾಕಿಗೆ ತೋರಿಸಲು ಹೊಳೆಯುವಂಥದ್ದೇನೂ ಉಳಿಯುವುದಿಲ್ಲ. ಆದರೂ ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ನಂತರ ಟ್ರಾನ್ಸಮ್. ಡ್ರೈವ್ ಬೋಲ್ಟ್ ಆಗುವುದು ಇದಕ್ಕೆ, ಬೋಟನ್ನು ಮುಂದಕ್ಕೆ ತಳ್ಳುವ ಅಷ್ಟೂ ಶಕ್ತಿ ಹಾಯುವುದು ಇದರ ಮೂಲಕ. ಮರ್ಕ್ರೂಸರ್ ಎಂಬ ಬ್ರ್ಯಾಂಡಿನ ಡ್ರೈವ್‌ಗಳಿಗೆ ಟ್ರಾನ್ಸಮ್ ದಪ್ಪ 2ರಿಂದ ಎರಡೂಕಾಲು ಇಂಚು ಇರಬೇಕು. ಒಳಮೈ ಹೊರಮೈ ಸಮಾನಾಂತರವಾಗಿರಬೇಕು, ವ್ಯತ್ಯಾಸ ಒಂದು ನೂಲು ಮೀರಬಾರದು. ಒಳಗಿನ ಪ್ಲೈವುಡ್ ಕೊಳೆತಿದೆಯಾ ಅಂತ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಗಟ್ಟಿ ಜಾಗದ ಶಬ್ದಕ್ಕೂ ಕೊಳೆತ ಜಾಗದ ಶಬ್ದಕ್ಕೂ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಟ್ರಾನ್ಸಮ್‌ನಲ್ಲಿ ತೂತು ಕೊರೆಯುವ ಮುಂಚೆ ನಿರ್ಧಾರ ಆಗಬೇಕಾದ ಒಂದು ಅಳತೆ ಇದೆ. ಯಾರ್ಡಿನಲ್ಲಿ ಅದಕ್ಕೆ ಎಕ್ಸ್ ಡೈಮೆನ್ಶನ್ ಅನ್ನುತ್ತಾರೆ. ಬೋಟಿನ ತಳದ ಅತಿ ಕೆಳಗಿನ ಬಿಂದುವಿನಿಂದ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಮಧ್ಯದವರೆಗೆ ಇರುವ ಎತ್ತರ. ಈ ಎತ್ತರ ಹೆಚ್ಚಿದಷ್ಟೂ ಡ್ರೈವ್ ಮೇಲಕ್ಕೆ ಹೋಗುತ್ತದೆ. ಡ್ರೈವಿನ ಕೆಳಭಾಗ ನೀರಿನಲ್ಲಿ ಕಡಿಮೆ ಮುಳುಗುತ್ತದೆ, ಎಳೆತ ತಗ್ಗುತ್ತದೆ, ವೇಗ ಸಿಗುತ್ತದೆ. ಗಂಟೆಗೆ 100 ಕಿ.ಮೀ. ದಾಟಿದ ಮೇಲೆ ನೀರಿನೊಳಗಿನ ಒಂದೊಂದು ಇಂಚು ಲೋಹಕ್ಕೂ ಬೆಲೆ ತೆರಬೇಕು.

ಹಾಗಾದರೆ ಎಷ್ಟು ಬೇಕಾದರೂ ಎತ್ತಬಹುದಾ? ಇಲ್ಲ. ಮೇಲೆ ಹೋದ ಪ್ರೊಪೆಲ್ಲರ್ ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ತಿರುವಿನಲ್ಲಿ ಏಕಾಏಕಿ ಎಂಜಿನ್ ಆರ್‌ಪಿಎಂ ಜಿಗಿಯುತ್ತದೆ, ಬೋಟ್ ಮಾತ್ರ ಮುಂದೆ ಹೋಗುವುದಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ತಂಪಾಗಿಸುವ ನೀರು ಒಳಬರುವುದು ಡ್ರೈವಿನ ಕೆಳಭಾಗದ ಬದಿಯ ತೂತುಗಳಿಂದ. ಡ್ರೈವ್ ಎತ್ತಿದಾಗ ಮೇಲಿನ ತೂತುಗಳು ಗಾಳಿಗೆ ತೆರೆದುಕೊಂಡರೆ ನೀರಿನ ಬದಲು ಗಾಳಿ ಹೋಗುತ್ತದೆ. ಹಾಗಾಗಿ ಎತ್ತರ ಏರಿಸುವವರು ಡ್ರೈವಿಗೆ, ತನ್ನ ಮುಂತುದಿಯ ಕೆಳಭಾಗದಿಂದ ನೀರು ಹಿಡಿಯುವ ಗೇರ್‌ಕೇಸ್ ಹಾಕಬೇಕು, ಡ್ಯಾಶ್‌ಬೋರ್ಡಿನಲ್ಲಿ ನೀರಿನ ಒತ್ತಡದ ಮೀಟರ್ ಇಡಲೇಬೇಕು. ಬರೀ ಉಷ್ಣತೆಯ ಮೀಟರ್ ಸಾಲದು. ಅದು ಏರುವ ಹೊತ್ತಿಗೆ ತಡವಾಗಿರುತ್ತದೆ. ಒತ್ತಡದ ಮುಳ್ಳು ಮೊದಲೇ ಬೀಳುತ್ತದೆ.

ಇನ್ನು ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ, ಎಂಜಿನ್ ಮತ್ತು ಡ್ರೈವನ್ನು ಒಂದೇ ಗೆರೆಗೆ ತರುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಕ್ಕಳು ಬರೆದುಕೊಂಡರೂ ಒಳ್ಳೆಯದೇ.

ಟ್ರಾನ್ಸಮ್‌ನಲ್ಲಿ ಗಿಂಬಲ್ ಬೇರಿಂಗ್ ಅಂತ ಒಂದು ಬೇರಿಂಗ್ ಕೂತಿರುತ್ತದೆ. ಎಂಜಿನ್ನಿನ ಹಿಂದೆ ಕಪ್ಲರ್, ಅದರೊಳಗೆ ಹಲ್ಲುಗಳು. ಡ್ರೈವಿನ ಶಾಫ್ಟ್ ಬೇರಿಂಗನ್ನು ಹಾದು ಈ ಹಲ್ಲುಗಳಿಗೆ ಹೋಗಿ ಕೂರಬೇಕು. ಗೆರೆ ಸರಿಯಾಗಿದೆಯಾ ಅಂತ ನೋಡಲು ಒಂದು ಉದ್ದನೆಯ ಉಕ್ಕಿನ ಸರಳು ಬರುತ್ತದೆ, ಅಲೈನ್‌ಮೆಂಟ್ ಬಾರ್. ಅದರ ತುದಿಗೆ ತೆಳ್ಳಗೆ ಗ್ರೀಸ್ ಸವರಿ. ಬೇರಿಂಗ್ ಮೂಲಕ ಒಳಕ್ಕೆ ಬಿಡಿ. ಕೈಯ ಬಲದಲ್ಲೇ, ತಡೆಯಿಲ್ಲದೆ ಕಪ್ಲರಿನೊಳಗೆ ಜಾರಿ ಹೋಗಬೇಕು. ಹೊರತೆಗೆದು ಬೆಳಕಿಗೆ ಹಿಡಿಯಿರಿ. ಗ್ರೀಸಿನ ಮೇಲೆ ಕಪ್ಲರಿನ ಹಲ್ಲುಗಳ ಗುರುತು ಬಿದ್ದಿರುತ್ತದೆ. ಸುತ್ತಲೂ ಒಂದೇ ಸಮ ಬಿದ್ದಿದ್ದರೆ ಗೆರೆ ಸರಿ. ಮೇಲ್ಭಾಗದಲ್ಲಿ ಮಾತ್ರ ಆಳವಾಗಿ, ಕೆಳಗೆ ಏನೂ ಇಲ್ಲದಿದ್ದರೆ ಸರಳು ಮೇಲಕ್ಕೆ ಒತ್ತುತ್ತಿದೆ. ಆಗ ಎಂಜಿನ್ನಿನ ಮುಂದಿನ ಮೌಂಟಿನ, ಅಂದರೆ ಎಂಜಿನ್ ಕೂತಿರುವ ಆಸರೆಯ, ನಟ್ಟನ್ನು ಅರ್ಧ ಸುತ್ತು, ಒಂದು ಸುತ್ತು ತಿರುಗಿಸಿ ಎಂಜಿನ್ ಎತ್ತಬೇಕು ಅಥವಾ ಇಳಿಸಬೇಕು. ಮತ್ತೆ ಗ್ರೀಸ್, ಮತ್ತೆ ಸರಳು. ಸರಿ ಬಂದ ಮೇಲೆ ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ.

ಗಿಂಬಲ್ ಬೇರಿಂಗ್ ತನ್ನ ಗೂಡಿನಲ್ಲಿ ಸ್ವಲ್ಪ ಅತ್ತಿತ್ತ ತಿರುಗುತ್ತದೆ. ಹಾಗಾಗಿ ಸರಳಿನ ಹೊರತುದಿಗೆ ಪಕ್ಕದಿಂದ ಮೆಲ್ಲಗೆ ತಟ್ಟಿ ಅದನ್ನು ನೇರ ಮಾಡಿಕೊಳ್ಳಬಹುದು. ಆದರೆ ಸರಳು ಹೋಗುತ್ತಿಲ್ಲ ಅಂತ ಸುತ್ತಿಗೆಯಲ್ಲಿ ಒಳಕ್ಕೆ ಹೊಡೆಯಲೇಬಾರದು. ಬೋಟ್ ನಿಂತಿರುವ ಆಸರೆಯನ್ನೂ ಮೊದಲು ನೋಡಿಕೊಳ್ಳಿ. ಎರಡೇ ಮೂಲೆಯಲ್ಲಿ ಭಾರ ಬಿದ್ದಿದ್ದರೆ ತಳವೇ ಬಾಗಿರುತ್ತದೆ, ಅಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ.

ಒಂದು ಬೋಟ್ ನೆನಪಿಗೆ ಬರುತ್ತದೆ. ಮಾಲೀಕರು ಗಿಂಬಲ್ ಬೇರಿಂಗ್ ಬದಲಿಸುತ್ತಲೇ ಇದ್ದರು. ಹೊಸದು ಹಾಕಿದರೆ ಕೆಲವು ದಿನ ಸುಮ್ಮನಿರುತ್ತಿತ್ತು, ಆಮೇಲೆ ಮತ್ತೆ ಗುರ್ ಅಂತ ಶಬ್ದ. ಬೇರಿಂಗ್ ಕಂಪನಿಗೆ ಬೈಗುಳ. ನಮ್ಮಲ್ಲಿಗೆ ಬಂದಾಗ ಬೇರಿಂಗ್ ಮುಟ್ಟದೆ ಎಂಜಿನ್ನಿನ ಮುಂದಿನ ಮೌಂಟ್ ನೋಡಿದೆವು. ಅದರ ಸ್ಕ್ರೂಗಳು ಹಿಡಿದಿದ್ದ ಸ್ಟ್ರಿಂಗರ್, ಅಂದರೆ ತಳದ ಉದ್ದಕ್ಕೂ ಹೋಗುವ ದಿಮ್ಮಿ, ಫೈಬರಿನ ಒಳಗೆ ಒದ್ದೆಯಾಗಿ ಮೆತ್ತಗಾಗಿತ್ತು. ಸ್ಕ್ರೂ ಬಿಚ್ಚಿದರೆ ಕಂದು ನೀರು ಸುರಿಯಿತು. ಯಾರ್ಡಿನಲ್ಲಿ ನಿಂತಾಗ ಗೆರೆ ಸರಿಯಾಗಿಯೇ ಇರುತ್ತಿತ್ತು. ಅಲೆಯಲ್ಲಿ ಓಡುವಾಗ ಎಂಜಿನ್ ಕೂತಲ್ಲೇ ಕುಸಿಯುತ್ತಿತ್ತು. ದಿಮ್ಮಿ ಕತ್ತರಿಸಿ ಹೊಸದು ಕಟ್ಟಿ, ಸ್ಕ್ರೂ ಬದಲು ಆರ್‌ಪಾರ್ ಬೋಲ್ಟ್ ಹಾಕಿದ ಮೇಲೆ ಆ ಶಬ್ದ ನಿಂತಿತು.

ಎರಡು ಎಂಜಿನ್ ಇರುವ ಬೋಟಿನಲ್ಲಿ ಪ್ರೊಪೆಲ್ಲರ್‌ಗಳು ಎದುರುಬದುರು ದಿಕ್ಕಿಗೆ ತಿರುಗಬೇಕು. ಎರಡೂ ಒಂದೇ ಕಡೆ ತಿರುಗಿದರೆ ಬೋಟ್ ಒಂದು ಬದಿಗೆ ವಾಲುತ್ತದೆ, ಸ್ಟೀರಿಂಗ್ ಎಳೆಯುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಹಿಂದೆ ನಿಂತು ನೋಡಿದರೆ ಬಲಗಡೆಯದು ಗಡಿಯಾರದ ದಿಕ್ಕಿಗೆ, ಎಡಗಡೆಯದು ಅದರ ವಿರುದ್ಧ. ಮರ್ಕ್ರೂಸರಿನ ಬ್ರಾವೋ ಒನ್ ಡ್ರೈವಿನಲ್ಲಿ ಕೋನ್ ಕ್ಲಚ್ ಇರುವುದರಿಂದ ಅದೇ ಡ್ರೈವನ್ನು ಎರಡೂ ದಿಕ್ಕಿಗೆ ಓಡಿಸಬಹುದು, ಶಿಫ್ಟ್ ಕೇಬಲಿನ ಜೋಡಣೆ ಬದಲಿಸಿದರೆ ಸಾಕು. ಎಲ್ಲ ಡ್ರೈವಿಗೂ ಈ ಅನುಕೂಲವಿಲ್ಲ.

ಕಿರಿದಾದ ಬೋಟಿನಲ್ಲಿ ಎರಡು ವಿ8 ಅಕ್ಕಪಕ್ಕ ಇಟ್ಟರೆ ಡ್ರೈವ್‌ಗಳು ದೂರ ದೂರ ಹೋಗುತ್ತವೆ. ತಳ ವಿ ಆಕಾರ ಅಲ್ವಾ, ಮಧ್ಯದಿಂದ ದೂರ ಹೋದಷ್ಟೂ ತಳ ಮೇಲೇರುತ್ತದೆ, ಪ್ರೊಪೆಲ್ಲರಿಗೆ ನೀರು ಕಡಿಮೆ. ಅದಕ್ಕೆ ಒಂದು ಎಂಜಿನನ್ನು ಮುಂದಕ್ಕೆ ಇಟ್ಟು ಉದ್ದ ಶಾಫ್ಟಿನಿಂದ ಡ್ರೈವಿಗೆ ಜೋಡಿಸುತ್ತಾರೆ. ಡ್ರೈವ್‌ಗಳು ಹತ್ತಿರ ಬರುತ್ತವೆ, ತೂಕವೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಎರಡು ಡ್ರೈವನ್ನು ಒಂದಕ್ಕೊಂದು ಜೋಡಿಸುವ ಸರಳು, ಟೈ ಬಾರ್, ಕಡ್ಡಾಯ. ಅದನ್ನು ಬಿಗಿದ ಮೇಲೆ ಡ್ರೈವಿನ ಹಿಂತುದಿ ಹಿಡಿದು ಎರಡೂ ಕೈಯಲ್ಲಿ ಅಲುಗಿಸಿ ನೋಡಿ. ಲಟಕ್ ಅಂದರೆ ಎಲ್ಲೋ ಸಡಿಲವಿದೆ, ನೀರಿಗೆ ಇಳಿಸಬೇಡಿ.

ಈಗ ಪ್ರೊಪೆಲ್ಲರ್, ನಮ್ಮ ಕಡೆಯವರ ಮಾತಿನಲ್ಲಿ ಫ್ಯಾನ್. ಅದರ ಮೇಲೆ ಎರಡು ಅಂಕಿ ಇರುತ್ತದೆ. ಒಂದು ವ್ಯಾಸ, ಇನ್ನೊಂದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಎಷ್ಟು ಒಳಗೆ ಹೋಗುತ್ತದೋ ಅದೇ ಪಿಚ್. ನೀರು ಮರದಷ್ಟು ಗಟ್ಟಿಯಲ್ಲ, ಹಾಗಾಗಿ ಫ್ಯಾನ್ ಅಷ್ಟು ಮುಂದೆ ಹೋಗುವುದಿಲ್ಲ. ಈ ಕೊರತೆಯೇ ಸ್ಲಿಪ್.

ಲೆಕ್ಕ ಮಾಡೋಣ. ಎಂಜಿನ್ 5200 ಆರ್‌ಪಿಎಂ, ಡ್ರೈವಿನ ಗೇರ್ ಅನುಪಾತ 1.5, ಪಿಚ್ 28 ಇಂಚು ಅಂತಿಟ್ಟುಕೊಳ್ಳಿ. 5200ನ್ನು 1.5ರಿಂದ ಭಾಗಿಸಿ, 28ರಿಂದ ಗುಣಿಸಿ. ಬಂದದ್ದನ್ನು 0.001524ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. ಉತ್ತರ ಸುಮಾರು 148. ಜಿಪಿಎಸ್ 132 ತೋರಿಸಿದರೆ ಸ್ಲಿಪ್ ಶೇಕಡಾ 11ರಷ್ಟು. ವೇಗದ ಡೀಪ್ ವಿ ಬೋಟಿಗೆ ಇದು ಚೆನ್ನಾಗಿಯೇ ಇದೆ. ಶೇಕಡಾ 20 ಬಂದರೆ ಎಲ್ಲೋ ತಪ್ಪಿದೆ. ಡ್ರೈವ್ ಜಾಸ್ತಿ ಎತ್ತರ ಇರಬಹುದು, ಫ್ಯಾನಿನ ಎಲೆ ಬಾಗಿರಬಹುದು, ತಳದಲ್ಲಿ ಪಾಚಿ, ಸಿಪ್ಪು ಹಿಡಿದಿರಬಹುದು.

ಪಿಚ್ ಒಂದು ಇಂಚು ಹೆಚ್ಚಿಸಿದರೆ ಪೂರ್ತಿ ಥ್ರಾಟಲ್‌ನಲ್ಲಿ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ದೊಡ್ಡ ಪಿಚ್ ಹಾಕಿದರೆ ದೊಡ್ಡ ವೇಗ ಅಂತ ನಂಬಿದವರು ಬಹಳ. ಎಂಜಿನ್ ಅದನ್ನು ತಿರುಗಿಸಲಾರದೆ ಏದುತ್ತಾ ಓಡುತ್ತದೆ. ಸಿಲಿಂಡರಿನಲ್ಲಿ ಶಾಖ ಹೆಚ್ಚುತ್ತದೆ, ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಇಂಧನ ಹದತಪ್ಪಿ ಸಿಡಿಯುವುದು, ಶುರುವಾಗುತ್ತದೆ, ಪಿಸ್ಟನ್ ಹೋಗುತ್ತದೆ. ಇಲ್ಲಿ ಸೀಮೆಎಣ್ಣೆಯಲ್ಲಿ ಔಟ್‌ಬೋರ್ಡ್ ಓಡಿಸುವವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. ಸೀಮೆಎಣ್ಣೆಯ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಪೆಟ್ರೋಲಿಗಿಂತ ತುಂಬಾ ಕಡಿಮೆ, ಭಾರ ಬಿದ್ದ ಕೂಡಲೇ ನಾಕ್ ಆಗುತ್ತದೆ. ಎಂಜಿನ್ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ ಇಂತಿಷ್ಟು ಆರ್‌ಪಿಎಂ ಅಂತ ಬರೆದಿರುತ್ತದೆ. ನೀವು ದಿನಾ ಹೊರುವ ಭಾರದಲ್ಲಿ, ಬಲೆ, ಜನ, ಮಂಜುಗಡ್ಡೆ ಎಲ್ಲ ಇಟ್ಟುಕೊಂಡು, ಆ ಆರ್‌ಪಿಎಂ ಮುಟ್ಟಬೇಕು. ಖಾಲಿ ದೋಣಿಯಲ್ಲಿ ಮುಟ್ಟಿದರೆ ಲೆಕ್ಕಕ್ಕಿಲ್ಲ.

ನೀರಿಗಿಳಿಸಿ ಓಡಿಸಿ ನೋಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರವನ್ನೂ ಫ್ಯಾನನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಪುಸ್ತಕ ಇಡಿ. ಆರ್‌ಪಿಎಂ, ಜಿಪಿಎಸ್ ವೇಗ, ನೀರಿನ ಒತ್ತಡ, ಟ್ರಿಮ್ (ಡ್ರೈವನ್ನು ಎಷ್ಟು ಓರೆ ಮಾಡಿದ್ದೀರಿ ಅನ್ನುವುದು), ಟ್ಯಾಂಕಿನಲ್ಲಿ ಇಂಧನ ಎಷ್ಟು, ಎಷ್ಟು ಜನ, ಎಲ್ಲ ಬರೆಯಿರಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಚಂದ್ರಗಿರಿ ಹೊಳೆಯಂಥ ಜಾಗದಲ್ಲಿ ಇಳಿತದ ಸೆಳವೇ ನಿಮಗೆ ಸುಳ್ಳು ವೇಗ ತೋರಿಸಬಲ್ಲದು.

ಹೆಚ್ಚು ವೇಗದಲ್ಲಿ ಡೀಪ್ ವಿ ಬೋಟ್ ಎಡಕ್ಕೆ ಬಲಕ್ಕೆ ತೂಗಲು ಶುರು ಮಾಡುತ್ತದೆ. ಚೈನ್ ವಾಕಿಂಗ್ ಅನ್ನುತ್ತಾರೆ. ಇಲ್ಲಿ ಚೈನ್ ಅಂದರೆ ಸರಪಳಿಯಲ್ಲ, ಬೋಟಿನ ತಳವೂ ಬದಿಯೂ ಸೇರುವ ಅಂಚು. ಬೋಟಿನ ಹೆಚ್ಚಿನ ಭಾಗ ನೀರಿನಿಂದ ಮೇಲೆದ್ದು, ತಳದ ಸಣ್ಣ ಪಟ್ಟಿಯ ಮೇಲೆ ನಿಂತಾಗ ಹೀಗಾಗುತ್ತದೆ. ಪ್ರತಿ ತೂಗಾಟ ಹಿಂದಿನದಕ್ಕಿಂತ ದೊಡ್ಡದು. ಆಗ ಧೈರ್ಯ ತೋರಿಸುವ ಹೊತ್ತಲ್ಲ. ಟ್ರಿಮ್ ಸ್ವಲ್ಪ ಇಳಿಸಿ, ಥ್ರಾಟಲ್ ನಿಧಾನಕ್ಕೆ ಕಡಿಮೆ ಮಾಡಿ, ದಡಕ್ಕೆ ಬಂದು ಮೊದಲು ಸ್ಟೀರಿಂಗಿನ ಸಡಿಲ ಹುಡುಕಿ. ಎಷ್ಟೋ ಸಲ ಅಲ್ಲೇ ಸಿಗುತ್ತದೆ.

2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿಯಲ್ಲಿ, ಕೃಷ್ಣಾ ನದಿಯಲ್ಲಿ, ಫಾರ್ಮುಲಾ 1 ಪವರ್‌ಬೋಟ್ ರೇಸ್ ನಡೆಯಿತು. ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರಬಹುದು. ಅವು ಎರಡು ತಳದ ಕ್ಯಾಟಮರಾನ್‌ಗಳು, ಒಂದೇ ಔಟ್‌ಬೋರ್ಡ್. ತಿರುವಿನಲ್ಲಿ ಚಾಲಕ ಟ್ರಿಮ್ ಬಟನ್ ಬಿಡುವುದೇ ಇಲ್ಲ. ಅಷ್ಟು ವೇಗದಲ್ಲಿ ಸ್ವಲ್ಪ ಹೆಚ್ಚಿನ ಟ್ರಿಮ್ ಕೂಡ ಬೋಟನ್ನು ಗಾಳಿಗೆ ಎತ್ತಬಹುದು. ಅಂಥ ರೇಸ್ ನಮ್ಮ ದಕ್ಷಿಣ ಭಾರತಕ್ಕೇ ಬಂದಿತ್ತು, ಆದರೆ ಬೋಟಿನ ಕೆಳಗೆ ಮಲಗಿ ಪಟ್ಟಿ ಹಿಡಿಯುವ ಕೈಗಳು ನಮ್ಮವಾಗಿರಲಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಈ ಕರಾವಳಿಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಹುಡುಗರಿಗೆ ಕೊರತೆ ಇಲ್ಲ.

ಸುರಕ್ಷೆಯ ವಿಷಯದಲ್ಲಿ ಎರಡೇ ಮಾತು, ಆದರೆ ಮರೆಯಬೇಡಿ. ಒಳಗೆ ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್, ಅಂದರೆ ಎಂಜಿನ್ ಕೋಣೆಯ ಗಾಳಿಯನ್ನು ಹೊರಹಾಕುವ ಯಂತ್ರ, ಕನಿಷ್ಠ 4 ನಿಮಿಷ ಓಡಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು. ಇನ್ನೊಂದು ಕಿಲ್ ಸ್ವಿಚ್ಚಿನ ದಾರ. ಓಡಿಸುವವರು ಬಿದ್ದರೆ ಅದು ಎಳೆದುಕೊಂಡು ಎಂಜಿನ್ ನಿಲ್ಲುತ್ತದೆ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಓಡಿಸುವವರು ಅದನ್ನು ಕಟ್ಟಿಕೊಳ್ಳುವುದು ಕಡ್ಡಾಯ. ನಮ್ಮ ಔಟ್‌ಬೋರ್ಡ್‌ಗಳಲ್ಲೂ ಆ ದಾರ ಇರುತ್ತದೆ, ಹೆಚ್ಚಿನವರು ಅದನ್ನು ಎಂಜಿನ್ನಿಗೇ ಸುತ್ತಿಟ್ಟಿರುತ್ತಾರೆ. ನೀರಿಗೆ ಬಿದ್ದವನ ಸುತ್ತ ಖಾಲಿ ಬೋಟ್ ಸುತ್ತು ಹೊಡೆಯುವುದನ್ನು ನೋಡಿದವರು ಅದನ್ನು ಮತ್ತೆಂದೂ ಹಾಗೆ ಸುತ್ತಿಡುವುದಿಲ್ಲ.

ಉಪ್ಪುನೀರಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಡ್ರೈವಿನ ಮೇಲಿನ ಆನೋಡ್ ತುಂಡಿಗೆ ಪೇಂಟ್ ಹೊಡೆಯಬೇಡಿ, ತಾನು ಸವೆದು ಡ್ರೈವನ್ನು ಉಳಿಸುವುದೇ ಅದರ ಕೆಲಸ. ತಾಮ್ರ ಇರುವ ತಳದ ಪೇಂಟನ್ನು ಅಲ್ಯೂಮಿನಿಯಂ ಡ್ರೈವಿಗೆ ಹಚ್ಚಲೇಬೇಡಿ, ಲೋಹವನ್ನೇ ತಿಂದುಬಿಡುತ್ತದೆ. ಟ್ರಾಲಿಂಗ್ ನಿಷೇಧದ ಮಳೆಗಾಲದಲ್ಲಿ ಬೋಟುಗಳು ಮೇಲೆ ಬಂದಾಗ ಇದನ್ನೆಲ್ಲ ನೋಡಲು ಸಮಯ ಸಿಗುತ್ತದೆ.

ಇಲ್ಲಿ ಒಬ್ಬರು ಆಗಲೇ ಕೇಳಿದರು, ನನ್ನ 40 ಎಚ್‌ಪಿ ಔಟ್‌ಬೋರ್ಡನ್ನು ಎತ್ತಿ ಕಟ್ಟಿದರೆ ವೇಗ ಸಿಗುತ್ತದಾ ಅಂತ. ಸಿಗಬಹುದು. ಔಟ್‌ಬೋರ್ಡಿನಲ್ಲಿ ಫ್ಯಾನಿನ ಮೇಲೆ ಅಡ್ಡ ಚಪ್ಪಟೆ ತಟ್ಟೆ ಇದೆಯಲ್ಲ, ಅದು ಬೋಟಿನ ತಳದ ಮಟ್ಟಕ್ಕೆ ಸಮನಾಗಿರುವುದು ಶುರುವಿನ ಜಾಗ. ಎಷ್ಟೋ ದೋಣಿಗಳಲ್ಲಿ ಅದು ತಳಕ್ಕಿಂತ 2, 3 ಇಂಚು ಕೆಳಗೆ ಇರುತ್ತದೆ, ಉದ್ದ ಶಾಫ್ಟಿನ ಎಂಜಿನ್ ಗಿಡ್ಡ ಟ್ರಾನ್ಸಮ್‌ಗೆ ಹಾಕಿರುತ್ತಾರೆ. ಟ್ರಾನ್ಸಮ್ ಎತ್ತರ ಅಳೆಯಿರಿ. ಗಿಡ್ಡ ಶಾಫ್ಟಿಗೆ 15 ಇಂಚು, ಉದ್ದ ಶಾಫ್ಟಿಗೆ 20. ತೀರಾ ಕೆಳಗಿದ್ದರೆ ಮರದ ತುಂಡು ಇಟ್ಟು ಅರ್ಧ ಅರ್ಧ ಇಂಚು ಎತ್ತುತ್ತಾ ಹೋಗಿ. ಪ್ರತಿ ಸಲ ಭಾರ ಹೊತ್ತು ಓಡಿಸಿ, ತಿರುಗಿಸಿ ನೋಡಿ. ಎಂಜಿನ್ನಿನ ಪಕ್ಕದಿಂದ ಚಿಮ್ಮುವ ತಂಪು ನೀರಿನ ಧಾರೆ ಸಣ್ಣಗಾದರೆ, ಅಥವಾ ತಿರುವಿನಲ್ಲಿ ಎಂಜಿನ್ ಕೂಗಿದರೆ, ಅರ್ಧ ಇಂಚು ವಾಪಸ್ ಇಳಿಸಿ ಅಲ್ಲೇ ಬಿಗಿಯಿರಿ. ಅಳಿವೆ ದಾಟುವಾಗ ಅಲೆಗೆ ದೋಣಿಯ ಹಿಂಭಾಗ ಎದ್ದೇ ಏಳುತ್ತದೆ. ಹಾಗಾಗಿ ಸಮುದ್ರಕ್ಕೆ ಹೋಗುವ ದೋಣಿಗೆ, ಒಳನೀರಿನಲ್ಲಿ ಸರಿ ಬಂದ ಎತ್ತರಕ್ಕಿಂತ ಒಂದು ಇಂಚು ಕಡಿಮೆಯೇ ಇರಲಿ.